ಬಾವಿಯ ಆಮೆ, ಹೊಳೆಯ ಆಮೆ

ನನ್ನ ಅಣ್ಣನ ಮಗಳು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಪ್ರಾಣಿಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ, ಈಗ ಅಮೆರಿಕದ ಪಡುವಣ ತೀರದ ಒಂದು ಮೃಗಾಲಯದಲ್ಲಿ ಸಿಹಿನೀರಿನ ಆಮೆಗಳ ಸಂರಕ್ಷಣೆಯ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಇದನ್ನು ಸೇಡಂನಲ್ಲಿ ಯಾರಿಗಾದರೂ ಹೇಳಿ ನೋಡಿ. "ಡಾಕ್ಟರಕಿ ಮುಗಿಸಿ ಆಮಿ ಕಾಯ್ಲಿಕತ್ತಾಳಂತ, ಹೌದೇನ್ರಿ ಟೀಚರ್?" ಎಂದು ನಮ್ಮ ಓಣಿಯ ಹಿರಿಯರೊಬ್ಬರು ನಿಜವಾದ ಕಳಕಳಿಯಿಂದಲೇ ಕೇಳಿದರು. ಪಿಎಚ್.ಡಿ. ಆದ ಮೇಲೆ ಎರಡು ಮೂರು ವರ್ಷ ಹೀಗೆ ಕರಾರಿನ ಮೇಲೆ ದುಡಿಯುವ ಪದ್ಧತಿ ಇದೆ, ಅದಕ್ಕೆ ಪೋಸ್ಟ್ ಡಾಕ್ಟೋರಲ್ ಎನ್ನುತ್ತಾರೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಅವಳ ಕೆಲಸದ ವಿಷಯದಲ್ಲಿ ನನಗಿದ್ದ ಸಂಶಯವೇ ಬೇರೆ.

ಮೊದಲು ಆ ಕೆಲಸ ಏನೆಂದು ಹೇಳಬೇಕು. ಅಮೆರಿಕದ ಪಡುವಣ ತೀರದ ಕೊಳಗಳಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಬೆಳೆಯುವ ಒಂದು ಜಾತಿಯ ಆಮೆ ಇದೆ. 1990ರ ಸುಮಾರಿಗೆ ವಾಷಿಂಗ್ಟನ್ ರಾಜ್ಯದಲ್ಲಿ ಅದು ನೂರೈವತ್ತರಷ್ಟು ಮಾತ್ರ ಉಳಿದಿತ್ತು. ಕೊಳಗಳು ಬತ್ತಿದ್ದು ಒಂದು ಕಾರಣವಾದರೆ, ದೇಶದ ಮೂಡಣ ಭಾಗದಿಂದ ಜನರೇ ತಂದು ಬಿಟ್ಟ ಬುಲ್‌ಫ್ರಾಗ್ ಎಂಬ ಡೊಣೆಯನಂಥ ಕಪ್ಪೆ ಇನ್ನೊಂದು. ಆಗ ತಾನೆ ಮೊಟ್ಟೆಯೊಡೆದ ಆಮೆಮರಿಯನ್ನು ಅದು ಗುಳುಂ ಎಂದು ನುಂಗುತ್ತದೆ. 1991ರಿಂದ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯದವರು ಈ ಮರಿಗಳನ್ನು ಸಾಕತೊಡಗಿದರು. ಹೊರಗಿನ ಮರಿ ಚಳಿಗಾಲವೆಲ್ಲ ನಿದ್ರಿಸುತ್ತಿದ್ದರೆ ಒಳಗಿನದು ಬೆಚ್ಚನೆಯ ನೀರಿನಲ್ಲಿ ತಿನ್ನುತ್ತಲೇ ಇರುತ್ತದೆ. ಹತ್ತೇ ತಿಂಗಳಲ್ಲಿ ಮೂರು ವರ್ಷದ್ದರಷ್ಟು ಬೆಳೆಯುತ್ತದೆ. ಕಪ್ಪೆಯ ಬಾಯಿಗೆ ಹಿಡಿಯದಷ್ಟು ಅಗಲವಾಯಿತು ಎಂದ ಮೇಲೆ ಕೊಳಕ್ಕೆ ಬಿಡುತ್ತಾರೆ. ಜೂನ್‌ನಿಂದ ಏಪ್ರಿಲ್‌ವರೆಗೆ ನಾವು ಶಾಲೆಯವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಎಂದು ನನಗೆ ನಗು ಬಂತು.

ಅವಳು ಇನ್ನೊಂದು ಸಂಗತಿ ಹೇಳಿದಳು. ಈ ಜಾತಿಯಲ್ಲಿ ಮರಿ ಹೆಣ್ಣೋ ಗಂಡೋ ಎಂಬುದು ಮೊಟ್ಟೆಯ ಶಾಖದ ಮೇಲೆ ನಿಂತಿದೆ. ಬೆಚ್ಚಗಿದ್ದರೆ ಹೆಣ್ಣು, ತಂಪಾಗಿದ್ದರೆ ಗಂಡು. ಕಾವಿನ ಪೆಟ್ಟಿಗೆಯ ಮುಂದೆ ಕುಳಿತವರು ಒಂದೆರಡು ಡಿಗ್ರಿ ತಿರುಗಿಸಿ ಹೆಣ್ಣನ್ನು ಹೆಚ್ಚು ಮಾಡಿಕೊಳ್ಳಬಹುದು. ನಮ್ಮ ಆಸ್ಪತ್ರೆಗಳ ಗೋಡೆಯ ಮೇಲೆ 1994ರ ಕಾಯ್ದೆಯ ಫಲಕ ಓದುತ್ತ ಬಂದ ನನಗೆ, ಹೆಣ್ಣೇ ಹುಟ್ಟಲಿ ಎಂದು ಯಂತ್ರ ತಿರುಗಿಸುವವರೂ ಲೋಕದಲ್ಲಿ ಇದ್ದಾರಲ್ಲ ಎನಿಸಿತು.

ಇನ್ನು ನನ್ನ ಸಂಶಯ. ಒಂದು ದಿನ ಫೋನಿನಲ್ಲಿ ಕೇಳಿಯೇಬಿಟ್ಟೆ: "ಅಲ್ಲವ್ವಾ, ಮೊಟ್ಟಿ ಇಡ್ಲಿ ಅಂತ ಕೆಲವು ದೊಡ್ಡ ಆಮಿಗೋಳನ್ನ ಗಾಜಿನ ಹಿಂದ ಜೀವನಪೂರ್ತಿ ಇಟ್ಕೋತೀರಲ್ಲ, ಅವು ಏನ್ ತಪ್ಪು ಮಾಡ್ಯಾವ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತಿ, ನೀ ಒಂದು ಆಮಿ ನೋಡ್ಲಿಕತ್ತೀದಿ, ನಾವು ಆ ಜಾತೀನ ನೋಡ್ತೀವಿ" ಎಂದಳು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಹಿರಿಯರು ಕಲಿಸಿದ ದಯೆಗೆ ಕಣ್ಣಮುಂದಿನ ಜೀವ ಗೊತ್ತು. ಎದುರಿಗೆ ನರಳುವ ಎತ್ತು, ನೀರಿಗೆ ಬಿದ್ದ ಇರುವೆ, ಬಾಗಿಲಿಗೆ ಬಂದ ಹಸಿದವನು. ಕುಲದ ಮೇಲೆ ದಯೆ ಎಂಬುದು ಅದಕ್ಕೆ ಹೊಸ ಮಾತು. (ಕುಲ ಎಂಬ ಪದ ಬಳಸಲು ನಮ್ಮ ಕಡೆ ನಾಲಗೆ ಹಿಂಜರಿಯುತ್ತದೆ, ಸಂತತಿ ಎನ್ನೋಣ.) ಸಂತತಿಗೆ ನೋವಾಗುವುದಿಲ್ಲ, ಹಸಿವಾಗುವುದಿಲ್ಲ. ನೋವಾಗುವುದು, ಹಸಿವಾಗುವುದು ಒಂದೊಂದೇ ಆಮೆಗೆ. ಹಾಗಿರುವಾಗ ಇನ್ನೂ ಹುಟ್ಟದವುಗಳಿಗಾಗಿ ಹುಟ್ಟಿದ್ದನ್ನು ಸೆರೆಯಲ್ಲಿಡುವುದು ಯಾವ ನ್ಯಾಯ?

ಇದರ ಇನ್ನೊಂದು ಮಗ್ಗುಲನ್ನು ನಾನು ಚಿಕ್ಕಂದಿನಲ್ಲೇ ಕಂಡಿದ್ದೆ. ನಮ್ಮ ಹಳ್ಳಿಯ ಮನೆಯ ಹಿತ್ತಲ ಬಾವಿಯಲ್ಲಿ ಒಂದು ಆಮೆ ಇತ್ತು. ಆಮೆ ಇದ್ದರೆ ನೀರು ಚೊಕ್ಕ ಇರುತ್ತದೆಂದು ಅಜ್ಜ ಕಾಗಿಣಾ ಹೊಳೆಯಿಂದ ತಂದು ಬಿಟ್ಟಿದ್ದರು. ಹಿಂದೆ ಎಷ್ಟೋ ಊರುಗಳಲ್ಲಿ ಈ ರೂಢಿ ಇತ್ತು. ಅದಕ್ಕೆ ರೊಟ್ಟಿಯ ಚೂರು ಬೀಳುತ್ತಿತ್ತು. ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಒಂದು ತುತ್ತು ಭಜ್ಜಿಯೂ ಬೀಳುತ್ತಿತ್ತು. ಯಾರೂ ಅದಕ್ಕೆ ಕಲ್ಲು ಎಸೆಯುವಂತಿರಲಿಲ್ಲ. ನಾವು ಮಕ್ಕಳು ಗಡಗಡಿಯ ಹಗ್ಗ ಹಿಡಿದು ಬಗ್ಗಿ ನೋಡಿದರೆ ಕೆಳಗಿನ ಕತ್ತಲಲ್ಲಿ ಅದರ ಮೂತಿ ಮಾತ್ರ ಒಮ್ಮೆ ಮೇಲೆ ಬಂದು ಹೋಗುತ್ತಿತ್ತು. ವರ್ಷಗಟ್ಟಲೆ ಅದು ಬದುಕಿತು. ಜೊತೆಯಿಲ್ಲ, ಮೊಟ್ಟೆಯಿಡಲು ಒಂದು ಹಿಡಿ ನೆಲವಿಲ್ಲ. ದಯೆಗೆ ಅಲ್ಲಿ ಏನೂ ಕೊರತೆಯಿರಲಿಲ್ಲ, ಆದರೆ ಅದರ ಸಂತತಿ ಅಲ್ಲಿಗೇ ನಿಂತಿತು.

ಅಸ್ಸಾಮಿನ ಹಾಜೋ ಎಂಬಲ್ಲಿ ಹಯಗ್ರೀವ ಮಾಧವ ದೇವಸ್ಥಾನವಿದೆ. ಅಲ್ಲಿಯ ಕೆರೆಯ ಆಮೆಗಳನ್ನು ಭಕ್ತರು ದೇವರೆಂದೇ ಸಾಕುತ್ತ ಬಂದರು. ಆ ಕಪ್ಪು ಮೆತ್ತನೆ ಚಿಪ್ಪಿನ ಆಮೆ ನೈಸರ್ಗಿಕ ನೆಲೆಗಳಲ್ಲಿ ಅಳಿದೇಹೋಯಿತೆಂದು 2002ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಬರೆದುಬಿಟ್ಟಿತ್ತು. ಮುಂದೆ ಅದು ಹೊಳೆಗಳಲ್ಲಿಯೂ ಇದೆಯೆಂದು ಗೊತ್ತಾಯಿತು, ಆ ಮಾತು ಬೇರೆ. ದೇವಸ್ಥಾನದ ಕೆರೆಯಂಚಿನ ಮೊಟ್ಟೆಗಳನ್ನು ಗುವಾಹಟಿಯ ಮೃಗಾಲಯಕ್ಕೆ ಒಯ್ದು ಮರಿ ಮಾಡಿಸಿ ಪೊಬಿತೋರಾ ಅಭಯಾರಣ್ಯದ ನೀರಿಗೆ ಬಿಟ್ಟಿದ್ದಾರೆ. ನಮ್ಮ ಅಜ್ಜನದೂ ಆ ಭಕ್ತರದೂ ಒಂದೇ ಬಗೆಯ ದಯೆ. ಅಲ್ಲಿ ಹಲವು ಆಮೆಗಳು ಒಟ್ಟಿಗಿದ್ದವು, ಮೊಟ್ಟೆಗೆ ದಂಡೆ ಇತ್ತು. ಬಾವಿಯ ಆಮೆಗೆ ಇದೆರಡೂ ಇರಲಿಲ್ಲ.

ಸಂತತಿಯನ್ನು ಕಾಯುವ ವಿಚಾರ ಪರದೇಶದಿಂದ ಬಂದದ್ದು ಎಂದು ನಾನು ತಿಳಿದಿದ್ದೆ. ಚಿತ್ತಾಪುರ ತಾಲೂಕಿನ ಸನ್ನತಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯಬೇಕಾದಾಗ ಅಶೋಕನ ಶಾಸನಗಳ ಬಗ್ಗೆ ಸ್ವಲ್ಪ ಓದಿಕೊಂಡೆ. 1980ರ ದಶಕದ ಕೊನೆಗೆ ಅಲ್ಲಿ ಕಾಳಿಯ ವಿಗ್ರಹದ ಪೀಠಕ್ಕೆ ಹಾಕಿದ್ದ ಚಪ್ಪಡಿಯ ಮೇಲೆ ಆ ಶಾಸನಗಳು ಕಂಡವು. ಅವು ಮನುಷ್ಯರ ಮಾತಿಗೆ ಸೇರಿದವು. ಪ್ರಜೆಗಳೆಲ್ಲ ತನ್ನ ಮಕ್ಕಳೆಂಬ ಅರಸನ ಭಾವನೆ ಅವುಗಳಲ್ಲಿದೆ. ಆದರೆ ಅದೇ ಅರಸ ಉತ್ತರದಲ್ಲಿ ಕಂಬಗಳ ಮೇಲೆ ಕೊರೆಸಿದ ಐದನೆಯ ಶಾಸನದಲ್ಲಿ, ಪಟ್ಟಕ್ಕೆ ಬಂದ ಇಪ್ಪತ್ತಾರು ವರ್ಷಕ್ಕೆ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದನ್ನು ಹಾಕಿಸಿದ್ದಾನೆ. ಗಿಳಿ, ಗೊರವಂಕ, ಬಾವಲಿ, ಮುಳ್ಳುಹಂದಿಗಳ ಜೊತೆಗೆ ಆಮೆಯೂ ಇದೆ. ಜಾತಿಜಾತಿಯಾಗಿ ಹೆಸರು ಹಿಡಿದು ಕಾಯುವ ಯೋಚನೆ ನಮ್ಮ ನೆಲದ್ದೇ ಎಂದಾಯಿತು. ಅದೇ ಶಾಸನದ ಕೊನೆಗೆ, ಈ ಅವಧಿಯಲ್ಲಿ ಇಪ್ಪತ್ತೈದು ಸಲ ಸೆರೆಯವರನ್ನು ಬಿಡಿಸಿದ್ದಾಗಿಯೂ ಅರಸ ಹೇಳಿಕೊಂಡಿದ್ದಾನೆ. ಪಟ್ಟಿಯ ಪಕ್ಕದಲ್ಲೇ ಬಿಡುಗಡೆಯ ಮಾತು ಬಂದದ್ದು ನನಗೆ ಬಹಳ ಹಿಡಿಸಿತು.

ಹಾಗಾದರೆ ಬಿಡುವುದು ಎಲ್ಲಿಗೆ? ನಮ್ಮ ಕಡೆಯ ಆಮೆಯನ್ನೇ ತೆಗೆದುಕೊಳ್ಳಿ. ಕೃಷ್ಣೆ, ಗೋದಾವರಿ ಮುಂತಾದ ದಕ್ಷಿಣದ ಹೊಳೆಗಳಲ್ಲಿ ಮಾತ್ರ ಇರುವ ಒಂದು ಮೆತ್ತನೆ ಚಿಪ್ಪಿನ ಆಮೆಯನ್ನು 1872ರಲ್ಲಿ ಗ್ರೇ ಎಂಬ ವಿಜ್ಞಾನಿ ಲೋಕಕ್ಕೆ ತಿಳಿಸಿ, ಮುಂಬಯಿಯಲ್ಲಿದ್ದ ಲೀಥ್ ಎಂಬ ವೈದ್ಯರ ಹೆಸರಿಟ್ಟ. ಮೊದಲ ಮಾದರಿ ಸಿಕ್ಕಿದ್ದು ಪುಣೆಯಲ್ಲಿ. ಪುಣೆಯ ಹೊಳೆಯ ನೀರು ಭೀಮೆಗೆ ಬರುತ್ತದೆ, ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ಶಹಾಬಾದಿನ ಆಚೆ ಅದೇ ಭೀಮೆಗೆ. ಹೀಗೆ ನೋಡಿದರೆ ಅದು ನಮ್ಮ ನೀರಿನದೇ ಪ್ರಾಣಿ. ಈಗ ಅದು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. 2022ರಲ್ಲಿ ಪನಾಮಾದಲ್ಲಿ ನಡೆದ ವನ್ಯಜೀವಿ ವ್ಯಾಪಾರದ ಒಪ್ಪಂದದ ಸಭೆಯಲ್ಲಿ ಭಾರತವೇ ಕೇಳಿಕೊಂಡು ಇದಕ್ಕೆ ಎಲ್ಲಕ್ಕಿಂತ ಬಿಗಿಯಾದ ರಕ್ಷಣೆ ಕೊಡಿಸಿತು. ಇಂಥ ಆಮೆಗಳು ಮೊಟ್ಟೆಯಿಡುವುದು ಹೊಳೆಯ ದಂಡೆಯ ನೆಲದಲ್ಲಿ. ಆ ದಂಡೆಯ ಉಸುಕು ಟ್ರ್ಯಾಕ್ಟರಿನಲ್ಲಿ ಹೋಗುವುದನ್ನು ನಾವೆಲ್ಲ ನೋಡಿಯೇ ಇದ್ದೇವೆ. ಉಸುಕು ಬೇಡವೆನ್ನಲು ನನಗೆ ಬಾಯಿಲ್ಲ. ನಾನು ವಾಸಿಸುವ ಮನೆಯೂ ಉಸುಕು, ಸಿಮೆಂಟು, ಶಹಾಬಾದಿ ಫರಸಿಯದೇ. ಆದರೂ ದಂಡೆಯನ್ನು ಪೂರ್ತಿ ಬರಿದು ಮಾಡಿಟ್ಟು, ಯಾವುದೋ ಮೃಗಾಲಯದವರು ಮರಿ ಮಾಡಿ ಕೊಡಲಿ ಎಂದರೆ, ಆ ಮೃಗಾಲಯ ನಮ್ಮಜ್ಜನ ಬಾವಿಯಾಗುತ್ತದೆ, ಸ್ವಲ್ಪ ದೊಡ್ಡದು ಅಷ್ಟೇ.

ಇಷ್ಟು ಹೇಳಿದಾಗ ಅಣ್ಣನ ಮಗಳು ಸಿಟ್ಟಾಗಲಿಲ್ಲ. ತನ್ನ ಶಾಸ್ತ್ರವೇ ಅದನ್ನು ಹೇಳುತ್ತದೆ ಎಂದಳು. 1987ರಲ್ಲಿ ಕ್ರೌಸ್, ಕ್ರೌಡರ್, ಕ್ಯಾಸ್ವೆಲ್ ಎಂಬ ಮೂವರು ಕಡಲಾಮೆಗಳ ಲೆಕ್ಕ ಹಾಕಿದ್ದರಂತೆ. ಮೊಟ್ಟೆಗಳನ್ನೆಲ್ಲ ಕಾಪಾಡಿದರೂ, ಬಲಿತವು ಮತ್ತು ಬಲಿಯುತ್ತಿರುವವು ಬಲೆಗೆ ಬಿದ್ದು ಸಾಯುವುದು ನಿಲ್ಲದಿದ್ದರೆ ಸಂತತಿ ಇಳಿಯುತ್ತಲೇ ಹೋಗುತ್ತದೆ. 1996ರಲ್ಲಿ ಸಿಹಿನೀರಿನ ಒಂದು ಆಮೆಯ ಲೆಕ್ಕ ಹಾಕಿದಾಗಲೂ ಉತ್ತರ ಅದೇ ಬಂತು; ಮರಿ ಸಾಕಿ ಬಿಡುವುದರಿಂದ ಬಲಿತವುಗಳ ಸಾವಿನ ನಷ್ಟ ತುಂಬುವುದಿಲ್ಲ. ಆಮೆ ಪ್ರಾಯಕ್ಕೆ ಬರಲು ಎಷ್ಟೋ ವರ್ಷ ಬೇಕು. ಬಂದ ಮೇಲೆ ಹತ್ತಾರು ವರ್ಷ ಮೊಟ್ಟೆಯಿಡುತ್ತದೆ. ಹಾಗಾಗಿ ಹೊಳೆಯಲ್ಲಿರುವ ಒಂದು ಮುದಿ ಹೆಣ್ಣಾಮೆಯನ್ನು ಉಳಿಸುವುದೆಂದರೆ ಆ ಜಾತಿಯನ್ನು ಉಳಿಸುವ ಕೆಲಸದ ದೊಡ್ಡ ಪಾಲು.

ಇದನ್ನು ಕೇಳಿದ ಮೇಲೆ ನಾನು ಮಾಡಿಕೊಂಡಿದ್ದ ಜೀವ ಮತ್ತು ಸಂತತಿ ಎಂಬ ಭಾಗ ಅರ್ಧ ಕರಗಿತು. ಅರ್ಧ ಮಾತ್ರ. ಗಾಜಿನ ಹಿಂದಿನ ಆ ಕೆಲವು ಆಮೆಗಳ ಲೆಕ್ಕ ಇನ್ನೂ ನನ್ನಲ್ಲಿ ಸರಿಹೋಗಿಲ್ಲ. ಅವುಗಳಿಗೆ ನಾವು ಸಾಲಗಾರರು. ಆ ಸಾಲ ತೀರುವುದಾದರೆ ಮರಿಗಳನ್ನು ಬಿಡಬಹುದಾದ ಹೊಳೆ ಇದ್ದಾಗ ತೀರೀತು. ಅಲ್ಲಿಯವರೆಗೆ ಅವಳ ಕೆಲಸಕ್ಕೆ ನಾನು ಅಡ್ಡ ಮಾತಾಡುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಮಳಖೇಡದ ಹತ್ತಿರ ಕಾಗಿಣಾ ದಂಡೆಗೆ ಹೋಗಿದ್ದೆ. ಮೀನು ಹಿಡಿಯುವ ಹಿರಿಯರೊಬ್ಬರು ಸಿಕ್ಕರು. ಆಮೆ ಸಿಗುತ್ತದೆಯೇ ಎಂದು ಕೇಳಿದರೆ, ಮೊದಲು ಅವರಿಗೆ ನಾವು ಅರಣ್ಯ ಇಲಾಖೆಯವರೇನೋ ಎಂದು ಅಂಜಿಕೆ. ಟೀಚರ್ ಎಂದು ತಿಳಿದ ಮೇಲೆ ಬಾಯಿ ಬಿಟ್ಟರು. "ಅಪರೂಪಕ್ಕ ಒಂದು ಗಾಳಕ್ಕ ಬೀಳ್ತದ್ರಿ. ಮೆತ್ತಗಿನ್ದು, ಹಂದಿ ಮೂತೀದು. ನಾವೇನ್ ತಿನ್ನಂಗಿಲ್ರಿ, ದಾರ ಕತ್ತರಿಸಿ ಬಿಟ್ಬಿಡ್ತೀವಿ." ಗಾಳ ಬಾಯಲ್ಲೇ ಉಳಿಯುತ್ತದಲ್ಲ ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದಳು. "ಉಳೀತದವ್ವಾ. ತಗೀಲಿಕ್ಕ ಹೋದ್ರ ಬೆರಳೇ ಕಡೀತದ" ಎಂದರು.

ಆ ರಾತ್ರಿಯೇ ಅಣ್ಣನ ಮಗಳಿಗೆ ಇದನ್ನು ತಿಳಿಸಿದೆ. ಗಾಳ ಒಳಗೇ ಉಳಿದರೆ ಎಷ್ಟೋ ಆಮೆಗಳು ಬದುಕುವುದಿಲ್ಲ, ಹಿಂದಿನಿಂದ ಹೇಗೆ ಹಿಡಿಯಬೇಕು, ಇಕ್ಕಳದಿಂದ ಗಾಳದ ಮುಳ್ಳು ಮುರಿದು ಹೇಗೆ ತೆಗೆಯಬೇಕು ಎಂದು ಚಿತ್ರ ಬರೆದು ಕಳಿಸಿದಳು. ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ನಾನು ಬರೆದಿದ್ದೇನೆ. ಆ ಹಿರಿಯರು ಸಂತೆಗೆ ಸೇಡಂಗೆ ಬರುತ್ತಾರಂತೆ. ಒಂದು ಇಕ್ಕಳವನ್ನೂ ತಂದಿಟ್ಟಿದ್ದೇನೆ.