‘ನ್ಯೂ’ ಒತ್ತಿದ ಮೇಲೆ

2021ರ ಲಾಕ್‌ಡೌನ್. ಮಂಡ್ಯದ ಕಾಲೇಜು ಮುಚ್ಚಿತ್ತು, ನಾನು ಮಳವಳ್ಳಿಯ ಮನೆಯಲ್ಲಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಮೆಗಲ್ ತೆರೆದು ಅಪರಿಚಿತರೊಡನೆ ವಿಡಿಯೋದಲ್ಲಿ ಆಟವಾಡುತ್ತಿದ್ದೆ. ಅಲ್ಲಿ ಹೆಸರು ಬೇಕಿರಲಿಲ್ಲ. ಇದ್ದವರು ಇಬ್ಬರೇ, ‘ಯು’ ಮತ್ತು ‘ಸ್ಟ್ರೇಂಜರ್’. ಮಾತು ಹುಟ್ಟದಾಗ ಆಟ ಕೈಹಿಡಿಯುತ್ತಿತ್ತು: ಕಲ್ಲು-ಕಾಗದ-ಕತ್ತರಿ, ಇಪ್ಪತ್ತು ಪ್ರಶ್ನೆ. ಕಣ್ಣು ಮಿಟುಕಿಸದೆ ನೋಡುವ ಆಟದಲ್ಲಂತೂ ನಾನು ಸೋತದ್ದೇ ಕಡಿಮೆ.

ಒಂದು ರಾತ್ರಿ ನನ್ನ ವಯಸ್ಸಿನವನೇ ಒಬ್ಬ ಸಿಕ್ಕ. ಅವನ ಇಂಗ್ಲಿಷೂ ನನ್ನದರಷ್ಟೇ ಹರಕು. ‘ಎರಡು ನಿಜ, ಒಂದು ಸುಳ್ಳು’ ಆಡೋಣ ಎಂದ. ಮೂರು ಮಾತು ಹೇಳಬೇಕು, ಯಾವುದು ಸುಳ್ಳೆಂದು ಎದುರಿನವರು ಕಂಡುಹಿಡಿಯಬೇಕು. ಅವನು ಹೇಳಿದ: ನನಗೆ ಈಜು ಬರುತ್ತದೆ. ನನಗೊಬ್ಬಳು ತಂಗಿ ಇದ್ದಾಳೆ. ನನ್ನಪ್ಪ ಹೋದ ವಾರ ತೀರಿಕೊಂಡರು.

ನಾನು ನಗುತ್ತಾ ಮೂರನೆಯದು ಸುಳ್ಳು ಎಂದೆ.

‘ಇಲ್ಲ, ನನಗೆ ಈಜು ಬರುವುದಿಲ್ಲ’ ಎಂದ.

ನನ್ನ ಮುಖದ ಮೇಲೆ ನಗು ಇನ್ನೂ ಇತ್ತು. ಕೆಳಗಿನ ಚೌಕದಲ್ಲಿ ಅದು ನನಗೇ ಕಾಣುತ್ತಿತ್ತು. ಏನು ಹೇಳಬೇಕೋ ತಿಳಿಯದೆ ‘ಸ್ಟಾಪ್’ ಒತ್ತಿದೆ. ಆ ಗುಂಡಿ ಒಂದೇ ಸಲಕ್ಕೆ ಬಿಡುತ್ತಿರಲಿಲ್ಲ, ‘ರಿಯಲಿ?’ ಎಂದು ಕೇಳುತ್ತಿತ್ತು. ಮತ್ತೆ ಒತ್ತಿದೆ. ‘ನ್ಯೂ’ ಎಂದಾಯಿತು. ಅದನ್ನೂ ಒತ್ತಿದೆ.

ಅಷ್ಟರಲ್ಲಿ ನಾನವನಿಗೆ ನನ್ನ ಹೆಸರು, ಊರು ಎರಡನ್ನೂ ಸುಳ್ಳು ಹೇಳಿದ್ದೆ. ಆ ಸುಳ್ಳುಗಳು ನನ್ನನ್ನು ಕಾಡಿಲ್ಲ. ಗುರುತು ಮರೆಸುವುದು ಅಲ್ಲಿ ಇಬ್ಬರೂ ಒಪ್ಪಿದ ಸಂಗತಿ. ಕಾಡುವುದು ಎದ್ದುಹೋದದ್ದು. ಗೆಳೆಯನಿಗೆ ಹೇಳಿದರೆ, ‘ಅವ್ನು ಅದ್ನೂ ಸುಳ್ಳೇ ಹೇಳಿರ್ತಾನೆ, ಬುಡ್ಲಾ’ ಎಂದ. ಇರಬಹುದು. ಆದರೆ ಸುಳ್ಳೆಂದುಕೊಂಡು ನಾನು ಎದ್ದುಹೋಗಲಿಲ್ಲ, ನಿಜವೆಂದು ನಂಬಿಯೇ ಹೋದೆ.

ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಗ್ಲಾಕನ್ ಒಂದು ಉಂಗುರದ ಕತೆ ಹೇಳುತ್ತಾನೆ. ತೊಟ್ಟವರು ಯಾರಿಗೂ ಕಾಣುವುದಿಲ್ಲ. ಅಂಥ ಉಂಗುರ ಸಿಕ್ಕರೆ ಯಾರು ತಾನೇ ನ್ಯಾಯವಂತರಾಗಿ ಉಳಿದಾರು ಎಂಬುದು ಅವನ ಪ್ರಶ್ನೆ. ನನ್ನದು ಬೇರೆ ಥರದ ಉಂಗುರ. ನಾನು ಅವನಿಗೆ ಕಂಡೆ, ನಗುತ್ತಿದ್ದುದೂ ಕಂಡಿತು. ಗುರುತು ಮಾತ್ರ ಸಿಗಲಿಲ್ಲ. ಗುರುತಿಲ್ಲದ್ದರಿಂದ ಶಿಕ್ಷೆಯಿಂದ ಪಾರಾದೆ ಎಂದುಕೊಂಡಿದ್ದೆ. ಕ್ಷಮೆ ಕೇಳುವ ದಾರಿಯೂ ಅದರ ಜೊತೆಗೇ ಮುಚ್ಚಿತು. ಎಷ್ಟೋ ರಾತ್ರಿ ‘ನ್ಯೂ’ ಒತ್ತುತ್ತಾ ಹುಡುಕಿದೆ, ಅವನು ಸಿಗಲಿಲ್ಲ.

ಗುಂಡಿಯೇ ಕೆಟ್ಟದ್ದು ಎನ್ನಲಾರೆ. ಹನ್ನೊಂದನೆಯ ವಯಸ್ಸಿನಲ್ಲಿ ಆ ತಾಣ ತನ್ನನ್ನು ಒಬ್ಬ ಶೋಷಕನೊಡನೆ ಜೋಡಿಸಿತೆಂದು ಅಮೆರಿಕದ ಯುವತಿಯೊಬ್ಬಳು ಮೊಕದ್ದಮೆ ಹೂಡಿದ್ದಳು. ಅದು ಇತ್ಯರ್ಥವಾಗಿ, 2009ರಲ್ಲಿ ಹದಿನೆಂಟರ ಹುಡುಗ ಲೀಫ್ ಕೆ-ಬ್ರೂಕ್ಸ್ ಶುರುಮಾಡಿದ್ದ ಒಮೆಗಲ್ 2023ರ ನವೆಂಬರಿನಲ್ಲಿ ಮುಚ್ಚಿತು. ಅಂಥ ಕಡೆ ತಕ್ಷಣ ಎದ್ದುಹೋಗಲು ಬಾಗಿಲು ಇರಲೇಬೇಕು. ನಾನು ಓಡಿದ್ದು ಅಪಾಯದಿಂದಲ್ಲ, ಒಬ್ಬನ ದುಃಖದಿಂದ.

ಕಳೆದ ವರ್ಷ ಬೆಂಗಳೂರಿನಿಂದ ಮಂಡ್ಯಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದೆ. ದಿನಾ ಓಡಾಡುವವರು ಮೊಣಕಾಲ ಮೇಲೆ ಬ್ಯಾಗಿಟ್ಟು ಇಸ್ಪೀಟು ಆಡುತ್ತಿದ್ದರು. ಒಂದು ಕೈ ಕಡಿಮೆಯಿತ್ತೆಂದು ನನ್ನನ್ನೂ ಸೇರಿಸಿಕೊಂಡರು. ಎದುರು ಕೂತವರ ತಲೆ ಬೋಳಿಸಿತ್ತು. ಮದ್ದೂರಿನಲ್ಲಿ ವಡೆಯವರು ಹತ್ತಿದರು, ಎಲ್ಲರ ಕೈಯಲ್ಲೂ ವಡೆ. ಸಲಿಗೆಯಿಂದ ಕೇಳಿದೆ: ‘ತಿರುಪ್ತಿಗೋಗಿದ್ರಾ ಅಣ್ಣ?’

‘ಇಲ್ಲ ಕಣಪ್ಪ. ನಮ್ಮಪ್ಪ ಹೋಗ್ಬುಟ್ರು.’

ಮಂಡ್ಯ ಇನ್ನೂ ದೂರವಿತ್ತು. ಎದ್ದು ಹೋಗುವುದಾದರೂ ಎಲ್ಲಿಗೆ? ಕೈಲಿದ್ದ ಎಲೆಗಳನ್ನೇ ನೋಡುತ್ತಾ, ‘ತಪ್ಪಾಯ್ತಣ್ಣ’ ಎಂದೆ.

‘ನಿಂಗೇನ್ ಗೊತ್ತು, ಬುಡು. ಎಲೆ ಹಾಕು.’

ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು, ‘ಏನ್ ಮಾಡ್ತಿದ್ರು ನಿಮ್ಮಪ್ಪ?’ ಎಂದು ಕೇಳಿದೆ. ಅವರು ಹನಕೆರೆ ದಾಟುವವರೆಗೂ ಹೇಳಿದರು.