ಸೋಸಿದ ನೀರು, ಹರಿಯಬಿಟ್ಟ ನೀರು

ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು ಶ್ರಾವಕನ ನಿತ್ಯಾಚಾರ. ಆ ಆಚಾರದ ಉತ್ತರಾರ್ಧವನ್ನು ಅನೇಕ ಮನೆಗಳು ಮರೆತಿವೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು, ಅವು ಬಂದ ಬಾವಿಗೋ ಹೊಳೆಗೋ ಜೋಪಾನವಾಗಿ ಮರಳಿ ಸೇರಿಸಬೇಕು. ಪಡೆದುದನ್ನು ಹಾನಿಯಿಲ್ಲದೆ ಪಡೆದಲ್ಲಿಗೇ ಹಿಂದಿರುಗಿಸುವ ಕ್ರಮವನ್ನು ಅರ್ಥಶಾಸ್ತ್ರಜ್ಞರು ಇಂದು ವೃತ್ತಾಕಾರದ ಆರ್ಥಿಕತೆ ಎನ್ನುತ್ತಾರೆ.

ಸೋಮವಾರಪೇಟೆಯ ಸೀಮೆಯಲ್ಲಿ ಈ ಕ್ರಮಕ್ಕೆ ಪರೀಕ್ಷೆ ಒದಗುವುದು ಕಾಫಿ ಕೊಯ್ಲಿನ ದಿನಗಳಲ್ಲಿ. ಅರೇಬಿಕಾ ಹಣ್ಣನ್ನು ಪಲ್ಪರಿಗೆ ಹಾಕಿ, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಇಡಿಯಾಗಿ ಒಣಗಿಸಿದರೆ ಚೆರಿ. ಮೊದಲನೆಯದಕ್ಕೆ ಬೆಲೆಯೂ ಹೆಚ್ಚು, ನೀರೂ ಹೆಚ್ಚು. ಹಣ್ಣಿನ ತೂಕದಲ್ಲಿ ಶೇಕಡಾ 40ರಷ್ಟು ಸಿಪ್ಪೆಯಾಗಿ ಉಳಿಯುತ್ತದೆ. ಲೋಳೆ ಬೆರೆತ ನೀರು ಹಳ್ಳ ಸೇರಿದರೆ ಹುಳಿತು, ಅಲ್ಲಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮೀನು ಮೊದಲಾದ ಜಲಚರಗಳು ಉಸಿರುಗಟ್ಟಿ ಸಾಯುತ್ತವೆ. ಆ ಹಳ್ಳಗಳಲ್ಲಿ ಹಲವು ಹಾರಂಗಿಯ ಮೂಲಕ ಕಾವೇರಿಯನ್ನು ಕೂಡುತ್ತವೆ.

ಪರಿಹಾರ ತಿಳಿಯದ್ದೇನಲ್ಲ. ಸಿಪ್ಪೆಯನ್ನು ಸಗಣಿಯೊಡನೆ ಕೊಳೆಸಿದರೆ ಗೊಬ್ಬರವಾಗುತ್ತದೆ. ನೀರಿಗೆ ಸುಣ್ಣ ಬೆರೆಸಿ ಹುಳಿ ತಗ್ಗಿಸಿ, ತೊಟ್ಟಿಗಳಲ್ಲಿ ತಂಗಿಸಿ ಶುದ್ಧಿಗೊಳಿಸಬಹುದು. ಆದರೆ ಮೂರೆಕರೆಯ ಬೆಳೆಯನ್ನು ತಾನೇ ಹುರಿದು ಪುಡಿಮಾಡಿ ಮಾರುವವನಿಗೆ ತೊಟ್ಟಿಗೆ ಬೇಕಾದ ಸಮತಟ್ಟು ನೆಲವೇ ಇರುವುದಿಲ್ಲ. ಗುಂಡಿ ಮಗುಚಲು ಆಳು ಬೇಕಾಗುವುದೂ ಕೊಯ್ಲಿಗೆ ಆಳು ಸಾಲದ ವಾರಗಳಲ್ಲೇ. ಗೊಬ್ಬರ ಪಕ್ವವಾಗಲು ತಿಂಗಳುಗಳು ಬೇಕು, ಬಟವಾಡೆಯಾದರೋ ಸಂತೆಗೆ ಮುನ್ನವೇ ಆಗಬೇಕು. ದೊಡ್ಡ ತೋಟಕ್ಕೆ ಹಗುರವಾಗುವ ಖರ್ಚು ಇವನ ಪ್ರತಿ ಕಿಲೋ ಪುಡಿಯ ಮೇಲೆ ಭಾರವಾಗಿ ಕೂರುತ್ತದೆ.

ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಸಂಪೂರ್ಣ ತ್ಯಾಜ್ಯವಲ್ಲವೆಂದು ಆಚಾರ್ಯರು ಒಪ್ಪಿದ್ದಾರೆ. ಅನೇಕರಿಗೆ ಅಷ್ಟೇ ಸಮಾಧಾನ ಸಾಕಾಗಿದೆ. ಆದರೆ ಆ ರಿಯಾಯಿತಿ ಅನಿವಾರ್ಯವಾದುದಕ್ಕೆ ಮಾತ್ರ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಪ್ರಮಾದದೊಡನೆ ಜೋಡಿಸಿದೆ. ಪರಿಹಾರ ತಿಳಿದ ಮೇಲೆಯೂ ನೀರನ್ನು ಹಳ್ಳಕ್ಕೆ ಬಿಡುವುದು ಪ್ರಮಾದವೇ. ಹಾಗೆಂದು ಬಡತನವನ್ನು ಪ್ರಮಾದವೆನ್ನುವುದು ನಿಷ್ಠುರವಾದೀತು. ಇಲ್ಲಿ ಕೃತ, ಕಾರಿತ, ಅನುಮೋದಿತಗಳ ವಿವೇಚನೆ ಅಗತ್ಯ. ಮಾಡಿದವನಷ್ಟೇ ಅಲ್ಲ, ಮಾಡಿಸಿದವನೂ ಒಪ್ಪಿದವನೂ ಭಾಗಿಗಳು. ಕಡಿಮೆ ದರವೊಂದನ್ನೇ ನೋಡಿ ಪುಡಿ ಕೊಳ್ಳುವ ಮನೆಯಾಗಲಿ, ಬಸದಿಯ ಪಾಕಶಾಲೆಯಾಗಲಿ, ಆ ಹಳ್ಳದ ಮೀನಿನ ವಿಷಯದಲ್ಲಿ ನಿರ್ಲಿಪ್ತವೆನಿಸಲಾರದು.

ಗೊಬ್ಬರದ ಗುಂಡಿಯೂ ನಿರ್ದೋಷವಲ್ಲ. ಅಲ್ಲಿಯೂ ಹುಳುಗಳು ಹುಟ್ಟುತ್ತವೆ, ಮಗುಚುವಾಗ ಸಾಯುತ್ತವೆ. ಇಲ್ಲಿರುವುದು ಅಲ್ಪಹಿಂಸೆಯ ಆಯ್ಕೆ ಮಾತ್ರ.

ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ 11ನೆಯ ಶತಮಾನದ ಕೊಂಗಾಳ್ವರ ಕಾಲದ ಬಸದಿಗಳಿವೆ. ಅಂದಿನವರ ದಾನ ಬಸದಿಗಳಿಗೆ ಸಂದಿತು. ಇಂದು ಹತ್ತು ಸಣ್ಣ ಬೆಳೆಗಾರರಿಗೆ ಸೇರಿ ಒಂದು ತೊಟ್ಟಿ ಕಟ್ಟಿಸಿಕೊಟ್ಟರೆ ಅದನ್ನು ಜಲಚರಗಳಿಗೆ ಅಭಯದಾನವೆಂದು ಎಣಿಸಲು ಶಾಸ್ತ್ರದ ಅಡ್ಡಿಯಿಲ್ಲ. ಅಲ್ಲಿಯವರೆಗೆ, ತೊಟ್ಟಿಯಿಲ್ಲದ ಬೆಳೆಗಾರನು ಹಳ್ಳವನ್ನು ಉಳಿಸಲೆಂದು ಹಣ್ಣನ್ನು ಚೆರಿಯಾಗಿಯೇ ಒಣಗಿಸಿದರೆ, ಕೈತಪ್ಪಿದ ಬೆಲೆಯನ್ನು ಅವನೊಬ್ಬನೇ ಹೊರಬೇಕೆ ಎಂಬುದನ್ನು ಕೊಳ್ಳುವವರು ಉತ್ತರಿಸಬೇಕಾಗಿದೆ.