ಕಣ್ತಪ್ಪು, ಕೈತಪ್ಪು ಮತ್ತು ಕೆರೆಯ ಕೋಡಿ

ಕಣ್ತಪ್ಪು, ಕೈತಪ್ಪು, ಬಾಯಿತಪ್ಪು. ಕನ್ನಡದ ಈ ಮೂರು ಮಾತುಗಳೂ ಒಂದೇ ಬಗೆಯ ಪ್ರಮಾದವನ್ನು ಹೇಳುತ್ತವೆ. ಏನು ಮಾಡಬೇಕೆಂಬುದು ಆ ಮನುಷ್ಯನಿಗೆ ಗೊತ್ತಿತ್ತು, ಮಾಡುವ ಗಳಿಗೆಯಲ್ಲಿ ತಪ್ಪಿತು. ತಿಳಿವಳಿಕೆಯೇ ತಪ್ಪಾಗಿರುವುದು ಇನ್ನೊಂದು ಬಗೆ. ಅಲ್ಲಿ ಕೈ ಅಂದುಕೊಂಡದ್ದನ್ನೇ ಮಾಡುತ್ತದೆ, ಅಂದುಕೊಂಡದ್ದೇ ಸರಿಯಿರುವುದಿಲ್ಲ. ಗೊತ್ತಿದ್ದೂ ನಿಯಮ ಮುರಿಯುವುದು ಪ್ರಮಾದವಲ್ಲ, ಅದರ ವಿಚಾರವೇ ಬೇರೆ. ಡೊನಾಲ್ಡ್ ನಾರ್ಮನ್, ಜೇಮ್ಸ್ ರೀಸನ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಈ ಬಗೆಯ ವಿಂಗಡಣೆಯನ್ನು ವಿವರವಾಗಿ ಬೆಳೆಸಿದರು. ತಪ್ಪು ನಡೆದಾಗ ‘ಮಾಡಿದ್ದು ಯಾರು’ ಎಂದು ಕೇಳಿ ನಿಲ್ಲಬಾರದು, ‘ಹೀಗಾಗಲು ಎಡೆ ಸಿಕ್ಕಿದ್ದು ಎಲ್ಲಿ’ ಎಂದು ಹುಡುಕಬೇಕು ಎಂಬುದು ಇಬ್ಬರ ಬರಹಗಳ ತಿರುಳು.

ಭಾರತೀಯ ದರ್ಶನಗಳಿಗೆ ಈ ಹುಡುಕಾಟ ಹೊಸದಲ್ಲ. ಭ್ರಮೆ ಹೇಗೆ ಹುಟ್ಟುತ್ತದೆ ಎಂಬ ಚರ್ಚೆಗೆ ಅಲ್ಲಿ ಖ್ಯಾತಿವಾದವೆಂದು ಹೆಸರು. ಈ ಚರ್ಚೆಗೆ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಗಟ್ಟಿಯಾದ ನೆಲೆಯೊಂದಿತ್ತು. 15ನೆಯ ಶತಮಾನದಲ್ಲಿ ಅಲ್ಲಿದ್ದ ಶ್ರೀಪಾದರಾಜರು ಕನ್ನಡ ಕೀರ್ತನೆಗಳಿಂದ ಹೆಸರಾದವರು. ಜಯತೀರ್ಥರ ‘ನ್ಯಾಯಸುಧಾ’ಕ್ಕೆ ‘ವಾಗ್ವಜ್ರ’ವೆಂಬ ವ್ಯಾಖ್ಯಾನ ಬರೆದ ತಾರ್ಕಿಕರೂ ಹೌದು. ವ್ಯಾಸರಾಯರು ಶಾಸ್ತ್ರ ಕಲಿತದ್ದು ಅವರ ಬಳಿಯೇ. ಇವರೆಲ್ಲ ಸೇರಿದ ದ್ವೈತ ಪರಂಪರೆಯ ಪ್ರಕಾರ ಜ್ಞಾನವು ಸಹಜವಾಗಿ ಸರಿಯಾದದ್ದೇ. ಅಪ್ರಾಮಾಣ್ಯ (ಜ್ಞಾನ ತಪ್ಪಾಗುವುದು) ಬರುವುದು ‘ಪರತಃ’, ಅಂದರೆ ಹೊರಗಿನಿಂದ ಸೇರಿದ ದೋಷದಿಂದ. ಕಪ್ಪೆಚಿಪ್ಪು ಬೆಳ್ಳಿಯಂತೆ ಕಂಡರೆ ದೂರವನ್ನು, ಮಬ್ಬು ಬೆಳಕನ್ನು, ಕಣ್ಣಿನ ಕಾಯಿಲೆಯನ್ನು, ಹಿಂದೆ ಬೆಳ್ಳಿ ಕಂಡ ಸಂಸ್ಕಾರವನ್ನು ವಿಚಾರಿಸಬೇಕು. ದಾರ್ಶನಿಕರ ಕಾಳಜಿ ಸಲಕರಣೆಗಳ ಕುರಿತದ್ದಲ್ಲ, ನಿಜ. ಆದರೂ ಅವರು ಹಿಡಿದ ದಾರಿ ಸಲಕರಣೆ ಕಟ್ಟುವವರಿಗೂ ನೇರವಾಗಿ ಒದಗುತ್ತದೆ. ನೋಡಿದವನನ್ನು ಬೈಯುವುದರಿಂದ ಚಿಪ್ಪು ಚಿಪ್ಪಾಗಿ ಕಾಣುವುದಿಲ್ಲ, ದೀಪ ತಂದರೆ ಕಾಣುತ್ತದೆ.

ಬೇಗ ದಣಿಯುವ, ನಿದ್ದೆ ಬೇಕಾಗುವ, ಮರೆಯುವ ಮನುಷ್ಯನನ್ನು ಒಪ್ಪಿಕೊಂಡೇ ಕಟ್ಟಿದ ರಚನೆ ಹೇಗಿರುತ್ತದೆ ಎಂಬುದಕ್ಕೆ ಕೋಲಾರ ಸೀಮೆಯ ಹಳೆಯ ಕೆರೆಗಳಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ವರ್ಷವಿಡೀ ಹರಿಯುವ ನದಿ ಇಲ್ಲದ ನೆಲ ಇದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬೇಸಾಯ ನಿಂತಿದ್ದೇ ಕೆರೆಗಳ ಮೇಲೆ. ಏರಿಯ ಒಳಬದಿಯಲ್ಲಿ ನೀರಿನ ನಡುವೆ ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವುಗಳ ನಡುವೆ ಮೇಲಿಂದ ಕೆಳಗೆ ಅಡ್ಡಗಲ್ಲುಗಳು, ಒಂದೊಂದರಲ್ಲೂ ಒಂದೇ ನೇರಕ್ಕೆ ಕೊರೆದ ತೂತು. ಆ ತೂತುಗಳಲ್ಲಿ ಇಳಿದ ಉದ್ದನೆಯ ಕೋಲಿನ ತುದಿಗೆ ಕೆಳಗೆ ಸಣ್ಣದಾಗುತ್ತ ಹೋಗುವ ಬಿರಡೆ. ನೀರು ಹೊರಬಿಡುವ ತೂಬಿನ ಬಾಯಿ ಆಳದಲ್ಲಿ, ಕೆಂಪು ನೀರಿನಡಿ ಇದೆ. ತೂಬು ತೆರೆದು ಮುಚ್ಚುವ ನೀರಗಂಟಿಗೆ ಅದು ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ. ಕತ್ತಲಲ್ಲಿ ಕೋಲನ್ನು ಕೆಳಕ್ಕೆ ಬಿಟ್ಟರೂ ಅಡ್ಡಗಲ್ಲುಗಳು ಅದನ್ನು ಅತ್ತಿತ್ತ ಸರಿಯಗೊಡುವುದಿಲ್ಲ, ಬಿರಡೆಯ ಓರೆ ತಾನಾಗಿ ಬಾಯಿಗೆ ಕೂರುತ್ತದೆ. ಕೈತಪ್ಪಿಗೆ ಜಾಗವನ್ನೇ ಬಿಡದ ಇಂಥ ಕಟ್ಟು ವಿನ್ಯಾಸಶಾಸ್ತ್ರದ ಒಂದು ಮೂಲ ಉಪಾಯ. ಜಪಾನಿನ ಕಾರ್ಖಾನೆಗಳಲ್ಲಿ ಶಿಗೆಯೊ ಶಿಂಗೊ 1960ರ ದಶಕದಲ್ಲಿ ‘ಪೋಕಾ-ಯೋಕೆ’ ಎಂದು ಹೆಸರಿಟ್ಟು ಹರಡಿದ್ದು ಇದನ್ನೇ.

ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ಕೋಡಿಯದು ಇನ್ನೂ ಆಳವಾದ ಯೋಚನೆ. ತೂಬು ತಪ್ಪನ್ನು ತಡೆಯುತ್ತದೆ. ಕೋಡಿ, ತಪ್ಪು ಆಗಿಯೇ ಆಗುತ್ತದೆ ಎಂದುಕೊಂಡು ಅದನ್ನು ತಾಳಿಕೊಳ್ಳುತ್ತದೆ. ನಡುರಾತ್ರಿ ಮಳೆ ಸುರಿದು ನೀರಗಂಟಿ ಏಳದಿದ್ದರೂ, ತೂಬು ಎತ್ತಲು ಮರೆತಿದ್ದರೂ, ನೀರು ಏರಿಯ ತಲೆ ಮುಟ್ಟುವ ಮೊದಲೇ ಕೋಡಿ ಹರಿಯುತ್ತದೆ. ಯಾರ ಎಚ್ಚರವೂ ಬೇಡ. ಕಟ್ಟಿದವರು ಮನುಷ್ಯನ ಆಸೆಯನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಹಲವು ಹಳೆಯ ಕೋಡಿಗಳ ಮೇಲೆ ಸಾಲಾಗಿ ನೆಟ್ಟ ಕಲ್ಲುಗಳಿವೆ. ಮಳೆಗಾಲದ ಕೊನೆಯಲ್ಲಿ ಅವುಗಳ ಸಂದಿಗೆ ಮಣ್ಣು, ಹುಲ್ಲುಹೆಂಟೆ ತುಂಬಿ ಒಂದಿಷ್ಟು ಹೆಚ್ಚು ನೀರು ನಿಲ್ಲಿಸಿಕೊಳ್ಳಬಹುದಿತ್ತು. ದೊಡ್ಡ ನೀರು ಬಂದರೆ ಮೊದಲು ಕೊಚ್ಚಿಹೋಗುವುದು ಆ ಮಣ್ಣು, ಏರಿಯಲ್ಲ. ಅದೇ ಸಂದಿಯನ್ನು ಕಾಂಕ್ರೀಟಿನಲ್ಲಿ ಮುಚ್ಚಿದರೆ ನೀರು ಅಷ್ಟೇ ನಿಲ್ಲುತ್ತದೆ, ಆದರೆ ಕೆರೆಗೆ ಕ್ಷಮಿಸುವ ಶಕ್ತಿ ಹೋಗುತ್ತದೆ. ಈ ಕೆರೆಗಳು ಒಂದರ ಕೆಳಗೊಂದು ಸರಣಿಯಾಗಿರುವುದರಿಂದ ಮೇಲಿನದರ ಏರಿ ಒಡೆದರೆ ಕೆಳಗಿನವೂ ಉಳಿಯುವುದು ಕಷ್ಟ. 1903ರ ನವೆಂಬರಿನಲ್ಲಿ ಪಾಲಾರ್ ಕಣಿವೆಯ ಮೇಲ್ಭಾಗದ ಕೆರೆಗಳು ಒಡೆದಾಗ ಆ ನೀರು ತಮಿಳು ಸೀಮೆಯ ವಾಣಿಯಂಬಾಡಿಯನ್ನು ಹಾಳುಗೆಡವಿತು.

ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ಅಲ್ಲಿ ಕೆರೆ ಕಟ್ಟಿಸಿದ ವಿಜಯನಗರದ ರಾಜಕುಮಾರ ಭಾಸ್ಕರ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದರಲ್ಲಿ ಹೇಳಿಸಿದ್ದಾನೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿ, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಿದ್ದು ಅಚ್ಚುಕಟ್ಟು ಹೆಚ್ಚಿರುವುದು, ನೀರು ಹೆಚ್ಚಿದ್ದು ಅಚ್ಚುಕಟ್ಟು ಕಡಿಮೆಯಿರುವುದು. ನೀರಗಂಟಿಯ ಅಜಾಗರೂಕತೆ ಈ ಪಟ್ಟಿಯಲ್ಲಿಲ್ಲ. ದೋಷವೆಂಬ ಪದ ಕೆರೆಗೆ ಅಂಟಿದೆ, ಮನುಷ್ಯನಿಗಲ್ಲ.

ಹಾಗಾದರೆ ಮಾಡಿದವನಿಗೆ ಹೊಣೆಯೇ ಇಲ್ಲವೇ ಎಂಬ ಆಕ್ಷೇಪ ಸಹಜ. ಹೊಣೆ ಇದೆ, ಅದು ಹಂಚಿಹೋಗುತ್ತದೆ. ನೂರು ಜನ ಒಂದೇ ಕಡೆ ಎಡವಿದರೆ, ಎಡವಿದವರಿಗಿಂತ ಹೆಚ್ಚಿನ ಹೊಣೆ ಕಲ್ಲನ್ನು ಅಲ್ಲಿಟ್ಟವರದು. ಈ ಮಾತು ಕಟ್ಟುವವರಿಗೆ ಹಗುರವಲ್ಲ, ಭಾರ.

ಇಂದಿನ ತೋಟಗಳಲ್ಲಿ ಆ ಭಾರವನ್ನು ಹೊರಬೇಕಾದ ವಸ್ತು ಒಂದು ಬಾಟಲಿ. ಕೋಲಾರದ ಟೊಮೆಟೊ ತಾಕಿನಲ್ಲಿ, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಹೊಡೆಯುವ ಕೀಟನಾಶಕದ ಡಬ್ಬಿಯ ಮೇಲೆ ಕಾನೂನಿನ ಪ್ರಕಾರ ಮೂಲೆಯ ಮೇಲೆ ನಿಂತ ಚೌಕವೊಂದಿರುತ್ತದೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ವಿಷ ಅತಿ ತೀವ್ರ, ಆಮೇಲೆ ಹಳದಿ, ನೀಲಿ, ಹಸಿರು. ಎಚ್ಚರಿಕೆ ಚೆನ್ನಾಗಿಯೇ ಇದೆ, ಆದರೆ ಅದು ಅಂಟಿರುವುದು ಡಬ್ಬಿಗೆ, ಒಳಗಿನ ದ್ರವಕ್ಕಲ್ಲ. ಪಕ್ಕದ ತೋಟದವರಿಗೆಂದು ಒಂದಿಷ್ಟನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಬಗ್ಗಿಸಿದ ಕೂಡಲೇ ಕೆಂಪು ಬಣ್ಣವೂ ತಲೆಬುರುಡೆಯ ಚಿತ್ರವೂ ಹಿಂದೆ ಉಳಿಯುತ್ತವೆ. ಬಾಟಲಿಯ ಆಕಾರವೇ ಕುಡಿಯಲು ಕರೆಯುತ್ತದೆ. ಊರಿನಲ್ಲಿ ಕೀಟನಾಶಕಕ್ಕೂ ಜ್ವರದ ಸಿರಪ್ಪಿಗೂ ‘ಔಷಧಿ’ ಎಂಬ ಒಂದೇ ಹೆಸರು. ಬಾಯಾರಿ ಬಂದ ಮಗುವಿನ ಕಣ್ತಪ್ಪಿಗೆ ಇಷ್ಟೆಲ್ಲ ದೋಷಗಳು ಮೊದಲೇ ಸಜ್ಜಾಗಿ ಕೂತಿರುತ್ತವೆ. ‘ಮಕ್ಕಳಿಂದ ದೂರವಿಡಿ’ ಎಂಬ ಸಾಲು ಇದಕ್ಕೆ ಸಾಲದು. ಅರ್ಧ ಎಕರೆಗೆ ಬೇಕಾದಷ್ಟೇ ಅಳತೆಯ, ಮಗುವಿನ ಕೈಗೆ ತೆರೆಯದ ಮುಚ್ಚಳವಿರುವ ಸಣ್ಣ ಡಬ್ಬಿ ಅಂಗಡಿಯಲ್ಲೇ ಸಿಗುವಂತಿದ್ದರೆ ಬಗ್ಗಿಸುವ ಕೆಲಸವೇ ಬರುವುದಿಲ್ಲ.